ಪಿನ್ ಎಬ್ಬಿಸಲು ಒಂದು, ಕೀಳಲು ಇನ್ನೊಂದು

ಸೋಫಾ, ಕುರ್ಚಿ, ಕುಶನ್ ರಿಪೇರಿ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಈ ಸಲ ಪಿನ್ನಿನದೇ ಕಾರುಬಾರು. ಪಿನ್ ಅಂದರೆ ಬಟ್ಟೆಯನ್ನು ಮರಕ್ಕೆ ಕೂರಿಸಲು ಗನ್ನಿನಲ್ಲಿ ಹೊಡೆಯುವ ಸ್ಟೇಪಲ್. ಮೇಲೆ ಕಾಣುವ ಅಡ್ಡ ತಂತಿ ಅದರ ಬೆನ್ನು, ಮರದೊಳಗೆ ಇಳಿಯುವ ಎರಡು ತುದಿ ಅದರ ಕಾಲು. ಹಾಗಾಗಿ ಬೇರೆ ಪತ್ರಗಳನ್ನು ಪಕ್ಕಕ್ಕಿಟ್ಟು ಅವಕ್ಕೇ ಉತ್ತರ ಬರೆದಿದ್ದೇನೆ.

ಪ್ರಶ್ನೆ: ಮನೆಯ ಆರು ಡೈನಿಂಗ್ ಕುರ್ಚಿಗಳಿಗೆ ನಾನೇ ಹೊಸ ಬಟ್ಟೆ ಹಾಕೋಣ ಅಂತ ಕೂತೆ. ಆನ್‌ಲೈನ್‌ನಲ್ಲಿ ತರಿಸಿದ ಪಿನ್ ಕೀಳುವ ಸಾಧನದ ಮೂತಿ ಎರಡನೇ ಕುರ್ಚಿಗೇ ಬಾಗಿತು. ಆಮೇಲೆ ಸ್ಕ್ರೂಡ್ರೈವರ್ ಹಿಡಿದೆ. ಅದು ಜಾರಿ ಎಡ ಅಂಗೈಗೆ ಚುಚ್ಚಿತು. ಯಾವ ಸಾಧನ ಕೊಳ್ಳಲಿ?
– ಮೈಸೂರಿನ ಓದುಗರು

ಉತ್ತರ: ಮೊದಲು ಅಂಗೈ ನೋಡಿಕೊಳ್ಳಿ ಸರ್. ಚುಚ್ಚಿದ ಗಾಯ ಮೇಲೆ ಸಣ್ಣದಾಗಿ ಕಂಡರೂ ಒಳಗೆ ಆಳ ಇರುತ್ತದೆ. ಟಿಟಿ ಇಂಜೆಕ್ಷನ್ ಹಾಕಿಸಿ ಐದು ವರ್ಷ ದಾಟಿದ್ದರೆ ಡಾಕ್ಟರ ಹತ್ತಿರ ಹೋಗಿ ಬನ್ನಿ. ಕುರ್ಚಿಗಳು ಎಲ್ಲೂ ಓಡಿಹೋಗುವುದಿಲ್ಲ.

ನೀವು ಮಾಡಿದ್ದನ್ನು ಈ ಕೆಲಸ ಕಲಿಯಲು ಬಂದ ಹುಡುಗರೆಲ್ಲ ಮಾಡುತ್ತಾರೆ. ನಾನೂ ಮಾಡಿದ್ದೆ. ಒಂದೇ ಸಾಧನ ತೂರಿಸಿ ಮೀಟಿದರೆ ಪಿನ್ ಪೂರ್ತಿ ಹೊರಗೆ ಬರಬೇಕು ಅನ್ನೋ ಆಸೆ. ಆದರೆ ಇಲ್ಲಿ ಕೆಲಸ ಎರಡು. ಬಟ್ಟೆಗೆ ಕಚ್ಚಿಕೊಂಡ ಪಿನ್ನಿನ ಬೆನ್ನನ್ನು ಸ್ವಲ್ಪ ಎಬ್ಬಿಸುವುದು ಒಂದು. ಎದ್ದ ಪಿನ್ನನ್ನು ಹಿಡಿದು ಕೀಳುವುದು ಇನ್ನೊಂದು. ಎಬ್ಬಿಸುವುದಕ್ಕೆ ತೆಳ್ಳಗಿನ ಮೂತಿ ಬೇಕು. ತೆಳ್ಳಗಿರುವ ಮೂತಿಯ ಮೇಲೆ ಪೂರ್ತಿ ಭಾರ ಹಾಕಿ ಮೀಟಿದರೆ ಅದು ಬಾಗುತ್ತದೆ, ನಿಮ್ಮದು ಬಾಗಿದ ಹಾಗೆ. ಬಾಗಬಾರದು ಅಂತ ದಪ್ಪ ಮೂತಿ ತಂದರೆ ಪಿನ್ನಿನ ಕೆಳಗೆ ನುಗ್ಗುವುದೇ ಇಲ್ಲ. ಆಗ ಜೋರಾಗಿ ತಳ್ಳುತ್ತೀರಿ, ಜಾರುತ್ತದೆ, ಎದುರಿಗೆ ನಿಮ್ಮ ಕೈ ಇರುತ್ತದೆ.

ಕೊಳ್ಳುವ ಮೊದಲು ಒಂದು ಹಳೇ ಪಿನ್ ಕಿತ್ತು ಸ್ಕೇಲಿನ ಮೇಲಿಟ್ಟು ನೋಡಿ. ಬೆನ್ನು ಹದಿಮೂರು ಮಿಲಿಮೀಟರಿಗೆ ಹತ್ತಿರ ಇದ್ದರೆ ಅದು 80 ಸರಣಿಯ ಪಿನ್, ಸರಿಯಾದ ಅಳತೆ 12.8. ಸುಮಾರು 11 ಇದ್ದರೆ 1010ಜೆ, 1013ಜೆ ಅಂತ ಡಬ್ಬದ ಮೇಲೆ ಬರೆದಿರುವ ಜಾತಿ. ಒಂಬತ್ತರ ಆಸುಪಾಸು ಇದ್ದರೆ 71 ಸರಣಿ. ಡಬ್ಬದ ಮೇಲಿನ ಕೊನೆಯ ಎರಡು ಅಂಕಿ ಕಾಲಿನ ಉದ್ದ. 8010 ಅಂದರೆ 80 ಸರಣಿ, ಕಾಲು 10 ಮಿ.ಮೀ. ಇದನ್ನೆಲ್ಲ ಯಾಕೆ ಹೇಳಿದೆ ಅಂದರೆ, ಸಾಧನದ ಮೂತಿ ಪಿನ್ನಿನ ಎರಡು ಕಾಲುಗಳ ನಡುವೆ ಹೋಗಬೇಕು. 71ರ ಪಿನ್ನಿನೊಳಗೆ ಏಳೂವರೆ ಮಿಲಿಮೀಟರ್ ಜಾಗ ಸಿಕ್ಕರೆ ಹೆಚ್ಚು. ನಿಮ್ಮ ಸ್ಕ್ರೂಡ್ರೈವರ್ ಎಂಟು ಮಿಲಿಮೀಟರಿನದಾಗಿದ್ದರೆ ಅದು ಕಾಲಿಗೆ ಬಡಿದು ಪಕ್ಕಕ್ಕೆ ಜಾರದೆ ಇನ್ನೇನು ಮಾಡೀತು? ಐದಾರು ಮಿಲಿಮೀಟರ್ ಅಗಲದ ಮೂತಿ ಇರುವುದನ್ನು ತಗೊಂಡರೆ ಮೂರೂ ಜಾತಿಗೆ ಆಗುತ್ತದೆ.

ಎಬ್ಬಿಸುವ ಸಾಧನ ಆರಿಸುವಾಗ ನಾನು ನೋಡುವುದು ಹೀಗೆ. ಮೂತಿ ತುದಿಯಲ್ಲಿ ತೆಳ್ಳಗೆ ಶುರುವಾಗಿ ಹಿಂದಕ್ಕೆ ಹೋದಂತೆ ದಪ್ಪವಾಗಬೇಕು. ಒಂದೇ ದಪ್ಪದ ತಗಡಿನ ತುಂಡಿನ ಹಾಗಿದ್ದರೆ ಬೇಡ. ಮೂತಿಯ ಹಿಂದೆ ಸ್ವಲ್ಪ ಬಾಗು ಇರಬೇಕು, ಆ ಬಾಗು ಮರದ ಮೇಲೆ ಕೂತರೆ ಮೀಟುವುದು ಸುಲಭ. ಹಿಡಿ ಮಾತ್ರ ದಪ್ಪಗಿರಲಿ. ಸಣ್ಣ ಹಿಡಿ ಹಿಡಿದು ನೂರು ಪಿನ್ ಎಬ್ಬಿಸಿದರೆ ಸಂಜೆ ಚಹಾ ಲೋಟ ಎತ್ತುವಾಗಲೂ ಮಣಿಕಟ್ಟು ನೆನಪಿಸುತ್ತದೆ. ಇರುವ ಹಿಡಿಯೇ ಸಣ್ಣದಾಗಿದ್ದರೆ ಹಳೇ ಸೈಕಲ್ ಟ್ಯೂಬ್ ಸುತ್ತಿ.

ಕೀಳುವುದಕ್ಕೆ ತಂತಿ ಕತ್ತರಿಸುವ ಸೈಡ್ ಕಟರ್ ಸಾಕು. ಟಪಾರಿಯಾ ಕಂಪನಿಯದೋ ಇನ್ನೊಂದೋ, ಆರು ಇಂಚಿನದು. ಹೊಸದಕ್ಕಿಂತ ಬಾಯಿ ಮೊಂಡಾದ ಹಳೇದೇ ವಾಸಿ. ಹರಿತ ಇದ್ದರೆ ಪಿನ್ನನ್ನು ಹಿಡಿಯುವ ಬದಲು ಕತ್ತರಿಸಿ ಕಾಲನ್ನು ಒಳಗೇ ಬಿಡುತ್ತದೆ. ಈ ಕೆಲಸಕ್ಕೆ ಕಟಿಂಗ್ ಪ್ಲೇಯರ್ ಬೇಡ. ಅದರ ಮೂತಿ ದಪ್ಪ, ಪಿನ್ನಿನ ಬುಡಕ್ಕೆ ಹೋಗುವುದಿಲ್ಲ.

ಈಗ ಕೈಕೆಲಸ. ಸೀಟು ಬಿಚ್ಚಿ ಮಗುಚಿ ಹಾಕಿ. ಎಡಗೈ ಯಾವಾಗಲೂ ಸಾಧನದ ಹಿಂದೆ ಇರಲಿ, ಮುಂದೆ ಬೇಡ. ಮೂತಿಯನ್ನು ಸೀಟಿನ ಹೊರ ಅಂಚಿನ ಕಡೆಯಿಂದ ನಡುವಿನ ಕಡೆಗೆ ತೂರಿಸಿ. ಆಗ ಜಾರಿದರೂ ಪ್ಲೈವುಡ್ ಮೇಲೆ ಗೆರೆ ಬೀಳುತ್ತದೆ ಅಷ್ಟೇ. ಮೂತಿ ಬೆನ್ನಿನ ಕೆಳಗೆ ಹೋದ ಮೇಲೆ ಸೀದಾ ಮೇಲಕ್ಕೆ ಎತ್ತಬೇಡಿ. ಬೀಗದೊಳಗೆ ಕೀಲಿ ತಿರುಗಿಸಿದ ಹಾಗೆ ಮೆಲ್ಲಗೆ ಎಡಕ್ಕೆ ಬಲಕ್ಕೆ ತಿರುಗಿಸಿ. ಒಂದು ಕಾಲು ಟಕ್ ಅಂತ ಸಡಿಲವಾಗುತ್ತದೆ. ಅಲ್ಲಿಗೆ ಈ ಸಾಧನದ ಕೆಲಸ ಮುಗಿಯಿತು. ಒಂದು ಬದಿಯ ಪಿನ್ನೆಲ್ಲ ಹೀಗೆ ಅರ್ಧ ಎಬ್ಬಿಸಿ ಬಿಟ್ಟು, ಆಮೇಲೆ ಸೈಡ್ ಕಟರ್ ಹಿಡಿಯಿರಿ. ಪಿನ್ನನ್ನು ಕಚ್ಚಿ ಎಳೆಯುವುದಲ್ಲ, ಉರುಳಿಸುವುದು. ಕಟರಿನ ಉಬ್ಬು ಬೆನ್ನು ಮರಕ್ಕೆ ಊರಿ, ಹಿಡಿಯನ್ನು ಪಕ್ಕಕ್ಕೆ ಬಗ್ಗಿಸಿದರೆ ಪಿನ್ ತಾನಾಗಿ ಸುತ್ತಿಕೊಂಡು ಎದ್ದು ಬರುತ್ತದೆ. ಮರ ನುಗ್ಗಾಗದ ಹಾಗೆ ಕೆಳಗೊಂದು ಹಳೇ ಎಟಿಎಂ ಕಾರ್ಡ್ ಇಟ್ಟುಕೊಳ್ಳಿ. ಕಣ್ಣಿಗೆ ಕನ್ನಡಕ ಬೇಕೇ ಬೇಕು. ತುಂಡಾದ ಕಾಲು ಎತ್ತ ಹಾರುತ್ತದೆ ಅಂತ ಯಾರೂ ಹೇಳಲಾರರು.

ಎಷ್ಟು ಹೊತ್ತಾಗುತ್ತದೆ ಅಂತ ಮೊದಲೇ ಲೆಕ್ಕ ಹಾಕಿಕೊಂಡರೆ ಬೇಜಾರಾಗುವುದಿಲ್ಲ. ಸೀಟು ನಾಲ್ಕೂ ಕಡೆ 45 ಸೆಂಟಿಮೀಟರ್, ಪಿನ್ನಿಗೂ ಪಿನ್ನಿಗೂ ಒಂದು ಸೆಂಟಿಮೀಟರ್ ಸಂದು ಅಂದುಕೊಂಡರೆ ಒಂದು ಕುರ್ಚಿಗೆ ಹೆಚ್ಚುಕಮ್ಮಿ ಎಂಬತ್ತು ಪಿನ್. ಆರು ಕುರ್ಚಿಗೆ ಐನೂರರ ಹತ್ತಿರ. ಒಂದೇ ಭಾನುವಾರದಲ್ಲಿ ಮುಗಿಸುವ ಹಟ ಬೇಡ, ದಿನಕ್ಕೆ ಎರಡು ಕುರ್ಚಿ ಮಾಡಿ.

ಪ್ರಶ್ನೆ: ನಮ್ಮದು ಸಮುದ್ರದಿಂದ ಒಂದು ಕಿಲೋಮೀಟರ್ ದೂರದ ಮನೆ. ಸೋಫಾದ ಪಿನ್ನೆಲ್ಲ ತುಕ್ಕು ಹಿಡಿದಿದೆ. ಮೀಟಿದರೆ ಬೆನ್ನು ಮಾತ್ರ ಕೈಗೆ ಬರುತ್ತದೆ, ಕಾಲು ಮರದಲ್ಲೇ ಉಳಿಯುತ್ತದೆ. ಎಣ್ಣೆ ಬಿಡಬಹುದಾ?
– ಮಂಗಳೂರಿನ ಓದುಗರು

ಉತ್ತರ: ಎಣ್ಣೆ ಬೇಡ ಮೇಡಂ. ಮರ ಎಣ್ಣೆ ಕುಡಿದರೆ ಅದು ಇವತ್ತಲ್ಲ ನಾಳೆ ಹೊಸ ಬಟ್ಟೆಗೆ ಕಲೆಯಾಗಿ ಬರುತ್ತದೆ. ತುಕ್ಕು ಹಿಡಿದ ಪಿನ್ ಸಾಮಾನ್ಯವಾಗಿ ಮುರಿಯುವುದು ಮಡಿಕೆ ಇರುವ ಮೂಲೆಯಲ್ಲಿ. ಅಲ್ಲಿ ತಂತಿ ಮೊದಲೇ ಬಾಗಿ ಸೋತಿರುತ್ತದೆ. ಹಾಗಾಗಿ ನೀವು ಎಷ್ಟು ನಾಜೂಕಾಗಿ ಮಾಡಿದರೂ ಕೆಲವು ಮುರಿದೇ ಮುರಿಯುತ್ತವೆ.

ಮುರಿದ ಕಾಲು ಮರದಿಂದ ಎರಡು ಮಿಲಿಮೀಟರ್ ಮೇಲಿದ್ದರೆ ಬಡಗಿಗಳು ಮೊಳೆ ಕೀಳುವ ಇಕ್ಕಳ ತಗೊಳ್ಳಿ. ಬಾಯಿ ಮುಂದಕ್ಕೆ ಅಡ್ಡವಾಗಿ ಇರುವಂಥದ್ದು. ಅದರ ಬಾಯಿ ಮರಕ್ಕೆ ಮಟ್ಟಸವಾಗಿ ಕೂರುತ್ತದೆ, ಗಿಡ್ಡ ಕಾಲನ್ನೂ ಹಿಡಿಯುತ್ತದೆ. ಸೈಡ್ ಕಟರಿಗೆ ಅದು ಸಿಗುವುದಿಲ್ಲ. ಮರದ ಮಟ್ಟಕ್ಕೇ ಮುರಿದಿದ್ದರೆ ಅಗೆಯುವುದಕ್ಕೆ ಹೋಗಬೇಡಿ. ಸುತ್ತಿಗೆಯಲ್ಲಿ ಒಂದೇಟು ಹಾಕಿ ಒಳಗೇ ಕೂರಿಸಿಬಿಡಿ. ಕಾಲು ಮರದೊಳಗೆ ಇದ್ದರೆ ಯಾರಿಗೂ ತೊಂದರೆಯಿಲ್ಲ. ಅದನ್ನು ಕೀಳಲು ಉಳಿಯಲ್ಲಿ ಗುಂಡಿ ತೋಡಿದರೆ ಹೊಸ ಪಿನ್ನಿಗೆ ಹಿಡಿತ ಸಿಗದು. ನಾವು ಉಳಿಸಿಕೊಳ್ಳಬೇಕಾದದ್ದು ಫ್ರೇಮು, ಹಳೇ ಪಿನ್ನಿನ ಲೆಕ್ಕವಲ್ಲ.

ಆದರೆ ಪೂರ್ತಿ ಪಿನ್‌ಗಳನ್ನು ಹಾಗೇ ಬಿಟ್ಟು ಮೇಲೆ ಹೊಸ ಬಟ್ಟೆ ಹೊಡೆಯುವವರಿದ್ದಾರೆ, ಅದಕ್ಕೆ ಒಪ್ಪಬೇಡಿ. ಹೊಸ ಪಿನ್ ಹಳೇ ಬೆನ್ನಿನ ಮೇಲೆ ಬಿದ್ದರೆ ಮಡಚಿಕೊಂಡು ನಿಲ್ಲುತ್ತದೆ. ಕೈಯಾಡಿಸಿದರೆ ಅಂಚಿನುದ್ದಕ್ಕೂ ಗಂಟು ಸಿಗುತ್ತದೆ. ಹೊಸ ಪಿನ್ ಹಾಕಿಸುವಾಗ ಸ್ಟೇನ್‌ಲೆಸ್ ಸ್ಟೀಲ್ ಪಿನ್ ಕೇಳಿ. ಬೆಲೆ ಜಾಸ್ತಿ, ಆದರೆ ನಿಮ್ಮ ಊರಿನ ಗಾಳಿಗೆ ಅದೇ ಸರಿ. ಹಳೇ ತೂತಿನ ಸಾಲಿಗೇ ಹೊಡೆಯದೆ ಅರ್ಧ ಬೆರಳು ಪಕ್ಕಕ್ಕೆ ಹೊಡೆಯಲಿ.

ಪ್ರಶ್ನೆ: ಕುಶನ್ ಅಂಗಡಿ ಹಾಕಿದ್ದೇನೆ. ಗನ್ನಿಗೆ ಅಂತ ಕಂಪ್ರೆಸರ್ ಇದೆ. ಗಾಳಿಯಲ್ಲಿ ಪಿನ್ ಕೀಳುವ ಮಿಷನ್ನೂ ತಗೊಂಡುಬಿಡಲಾ? ಇಲ್ಲ ಹಳೇ ಸ್ಕ್ರೂಡ್ರೈವರನ್ನೇ ಉಜ್ಜಿಕೊಳ್ಳಲಾ?
– ದಾವಣಗೆರೆಯ ಓದುಗರು

ಉತ್ತರ: ಈಗಲೇ ಮಿಷನ್ ಬೇಡ ಅಂತೀನಿ. ಅದು ವೇಗವಾಗಿ ಹೋಗುತ್ತದೆ ನಿಜ. ಆದರೆ ಮೂತಿಗೆ ಮರ ಸಿಕ್ಕಿತಾ ಪಿನ್ ಸಿಕ್ಕಿತಾ ಅಂತ ಕೈಗೆ ಗೊತ್ತಾಗುವ ಮೊದಲೇ ಏಟು ಬಿದ್ದಿರುತ್ತದೆ. ಈಗಿನ ಅಗ್ಗದ ಸೋಫಾಗಳಲ್ಲಿ ಪಾರ್ಟಿಕಲ್ ಬೋರ್ಡ್ ಬೇರೆ ಇರುತ್ತದೆ, ಅದು ಬಿಸ್ಕತ್ತಿನ ಹಾಗೆ ಉದುರುತ್ತದೆ. ಒಂದಾರು ತಿಂಗಳು ಕೈಯಲ್ಲೇ ಮಾಡಿ. ತಿಂಗಳಿಗೆ ಹತ್ತಾರು ಸೆಟ್ ಬರಲು ಶುರುವಾದ ಮೇಲೆ ನೋಡೋಣ.

ಸ್ಕ್ರೂಡ್ರೈವರ್ ಉಜ್ಜುವುದು ಒಳ್ಳೇ ಯೋಚನೆ. ನಾನು ದಿನಾ ಹಿಡಿಯುವುದೂ ಅಂಥದ್ದೇ. ಆರು ಮಿಲಿಮೀಟರಿನ ಚಪ್ಪಟೆ ಮೂತಿಯದು ಆರಿಸಿ. ಕಂಬಿ ಹಿಡಿಯೊಳಗೆ ಕೊನೆತನಕ ಹೋಗಿರಬೇಕು, ಇಲ್ಲದಿದ್ದರೆ ಸುತ್ತಿಗೆ ಏಟಿಗೆ ಹಿಡಿ ಸೀಳುತ್ತದೆ. ಗ್ರೈಂಡರಿನಲ್ಲಿ ಮೂತಿಯ ಮೇಲ್ಭಾಗವನ್ನು ಇಳಿಜಾರಾಗಿ ಉಜ್ಜಿ, ಕೆಳಭಾಗ ಚಪ್ಪಟೆಯಾಗೇ ಇರಲಿ. ಪಕ್ಕದಲ್ಲಿ ನೀರಿನ ಡಬ್ಬ ಇಟ್ಟುಕೊಂಡು ಎರಡೆರಡು ಸೆಕೆಂಡಿಗೆ ಅದ್ದುತ್ತಿರಿ. ಮೂತಿ ಮೊದಲು ಒಣಹುಲ್ಲಿನ ಬಣ್ಣಕ್ಕೆ ತಿರುಗುತ್ತದೆ, ಅಲ್ಲೇ ನಿಲ್ಲಿಸಬೇಕು. ನೀಲಿ ಬಂತು ಅಂದರೆ ಉಕ್ಕಿನ ಹದ ಹೋಯಿತು. ಅಂಥ ಮೂತಿ ಮೊದಲ ಸೋಫಾಕ್ಕೇ ಮಡಚಿಕೊಳ್ಳುತ್ತದೆ. ತುದಿಯ ನಡುವೆ ಹಲ್ಲಿನ ಹಾಗೆ ಒಂದು ಸಣ್ಣ ಕಚ್ಚು ಬೇಕಿದ್ದರೆ ಗ್ರೈಂಡರಿನ ಚಕ್ರದ ಅಂಚಿನಲ್ಲೇ ಮಾಡಿ. ಕೊನೆಗೆ ಮೂಲೆಗಳನ್ನು ಸಾಣೆಕಲ್ಲಿನಲ್ಲಿ ಒಂದಿಷ್ಟು ದುಂಡಗೆ ಮಾಡಿ, ಇಲ್ಲದಿದ್ದರೆ ಅವೇ ಫೋಮ್ ಹರಿಯುತ್ತವೆ.

ಇನ್ನೊಂದು ಮಾತು, ಅಂಗಡಿಯವರಾದ್ದರಿಂದ. ಬಿಚ್ಚುವಾಗ ಕಟ್ಟಿದ್ದರ ಉಲ್ಟಾ ಹೋಗಿ. ಮೊದಲು ಅಡಿಯ ಕಪ್ಪು ಬಟ್ಟೆ, ಆಮೇಲೆ ಬೆನ್ನಿನ ಹೊರಭಾಗ, ಕೈಗಳ ಹೊರಭಾಗ, ಒಳಭಾಗ, ಕೊನೆಗೆ ಸೀಟು. ಒಂದೊಂದು ತುಂಡಿನ ಮೇಲೂ ಸೀಮೆಸುಣ್ಣದಲ್ಲಿ ಜಾಗ ಬರೆದಿಡಿ, ಹೊಸ ಬಟ್ಟೆ ಕತ್ತರಿಸಲು ಅದೇ ಅಳತೆ. ನಾನು ಹೊಸದರಲ್ಲಿ ಬರೆಯದೆ ಒಂದು ಸೋಫಾದ ಎಡಗೈಯನ್ನೂ ಬಲಗೈಯನ್ನೂ ಅದಲುಬದಲು ಮಾಡಿ ಎರಡು ಮೀಟರ್ ರೆಕ್ಸಿನ್ ಹಾಳು ಮಾಡಿದ್ದೆ. ಆ ರೆಕ್ಸಿನ್ ತುಂಡು ಇನ್ನೂ ಅಂಗಡಿಯ ಸ್ಟೂಲಿನ ಮೇಲಿದೆ.

ಪ್ರಶ್ನೆ: ನ್ಯೂಜೆರ್ಸಿಯಲ್ಲಿದ್ದೇನೆ. ಹಳೇ ಸಾಮಾನಿನ ಮಾರಾಟದಲ್ಲಿ ಒಂದು ತೋಳಿನ ಕುರ್ಚಿ ಕೊಂಡೆ. ಬಟ್ಟೆ ಬಿಚ್ಚಿ ನೋಡಿದರೆ ಪಿನ್ನೇ ಇಲ್ಲ, ಎಲ್ಲ ಚಪ್ಪಟೆ ತಲೆಯ ಪುಟ್ಟ ಮೊಳೆಗಳು. ಪಿನ್ ಸಾಧನದಲ್ಲೇ ಕೀಳಬಹುದಾ?
– ಎಡಿಸನ್‌ನಿಂದ ಒಬ್ಬ ಓದುಗರು

ಉತ್ತರ: ಒಳ್ಳೇ ಕುರ್ಚಿ ಸಿಕ್ಕಿದೆ ನಿಮಗೆ. ಗನ್ ಬರುವ ಮೊದಲು ಎಲ್ಲ ಕೆಲಸವೂ ಆ ಪುಟ್ಟ ಮೊಳೆಯಲ್ಲೇ ಆಗುತ್ತಿತ್ತು. ಪಿನ್ ಸಾಧನ ಅದಕ್ಕೆ ತೆಳುವಾಯಿತು. ಮೊಳೆಯ ತಲೆ ಅಗಲ, ಅದನ್ನು ಬದಿಯಿಂದ ಹೊಡೆದು ಎಬ್ಬಿಸಬೇಕು. ಅದಕ್ಕೆ ಅಂತಲೇ ಮೊಂಡು ಮೂತಿಯ ಉಳಿ ಬರುತ್ತದೆ, ಜೊತೆಗೆ ಮರದ ಕೊಡತಿ ಬೇಕು. ಉಳಿಯನ್ನು ಮೊಳೆಯ ತಲೆಗೆ ಆನಿಸಿ, ಓರೆಯಾಗಿ ಹಿಡಿದು, ಮರದ ಎಳೆ ಹೋಗುವ ದಿಕ್ಕಿಗೇ ಕೊಡತಿಯಲ್ಲಿ ತಟ್ಟಿ. ಎಳೆಗೆ ಅಡ್ಡ ಹೊಡೆದರೆ ಫ್ರೇಮಿನ ಅಂಚೇ ಸಿಬಿರೆದ್ದು ಹೋಗುತ್ತದೆ. ಕಬ್ಬಿಣದ ಸುತ್ತಿಗೆ ಬೇಡ, ಉಳಿಯ ಹಿಡಿ ಹಾಳಾಗುತ್ತದೆ.

ಸಾಧನಕ್ಕೆ ನೀವು ದೂರ ಹೋಗಬೇಕಾಗಿಲ್ಲ. ಈ ಕಸುಬಿನ ಸಾಧನಗಳಿಗೆ ಜಗತ್ತಿನಲ್ಲೇ ಹೆಸರಾದ ಸಿ.ಎಸ್. ಆಸ್ಬರ್ನ್ ಕಂಪನಿ ನಿಮ್ಮ ರಾಜ್ಯದ್ದೇ, ಹ್ಯಾರಿಸನ್ ಊರಿನದು. 1826ರಿಂದ ಇದೆ. ಅವರಲ್ಲಿ ಮೊಳೆಯ ಉಳಿಯೂ ಪಿನ್ ಎಬ್ಬಿಸುವ ಸಾಧನವೂ ಬೇರೆ ಬೇರೆ ಸಿಗುತ್ತವೆ. ಇಲ್ಲಿ ನಾವು ಬೆಂಗಳೂರಿನಲ್ಲಿ ಸ್ಕ್ರೂಡ್ರೈವರ್ ಉಜ್ಜುತ್ತಾ ಕೂತಿದ್ದೇವೆ, ನೀವು ಅದರ ತವರಲ್ಲೇ ಇದ್ದೀರಿ, ನೋಡಿ!

ಪ್ರಶ್ನೆ: ಆಫೀಸಿನಲ್ಲಿ ಕಾಗದದ ಪಿನ್ ತೆಗೆಯುವ ಹಲ್ಲಿನ ಚಿಮುಟ ಇದೆಯಲ್ಲ, ಅದು ಆಗಲ್ವಾ?
– ತುಮಕೂರಿನ ಓದುಗರು

ಉತ್ತರ: ಆಗಲ್ಲ. ಕಾಗದದ ಪಿನ್ನಿನ ತಂತಿ ಕೂದಲಿನ ಹಾಗೆ, ಕಾಲೂ ಹಿಂದಕ್ಕೆ ಮಡಚಿರುತ್ತದೆ ಅಷ್ಟೇ. ಸೋಫಾದ್ದು ಮರದೊಳಗೆ ನೆಟ್ಟಗೆ ಇಳಿದಿರುತ್ತದೆ. ಚಿಮುಟದ ಹಲ್ಲೇ ಹಾಳಾಗುತ್ತದೆ.

ಪ್ರಶ್ನೆ: ಮನೆಯಲ್ಲೇ ಸೋಫಾ ಬಿಚ್ಚಿಸಿದೆವು. ಎಷ್ಟು ಗುಡಿಸಿದರೂ ಪಿನ್ ಕಾಲಿಗೆ ಸಿಗುತ್ತಿದೆ. ಅಂಬೆಗಾಲಿಡುವ ಮಗು ಇದೆ.
– ಹಾಸನದ ಓದುಗರು

ಉತ್ತರ: ಹಳೇ ಸ್ಪೀಕರಿನ ಅಯಸ್ಕಾಂತ ಸಿಗುತ್ತದಾ ನೋಡಿ ಅಮ್ಮ, ರೇಡಿಯೋ ರಿಪೇರಿ ಅಂಗಡಿಯಲ್ಲಿ ಕೇಳಿದರೆ ಕೊಡುತ್ತಾರೆ. ಅದನ್ನು ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಬಾಯಿ ಕಟ್ಟಿ, ದಾರ ಬಿಗಿದು ನೆಲದ ಮೇಲೆ ಎಳೆದಾಡಿ. ಚಾಪೆಯ ಅಡಿ, ಕಪಾಟಿನ ಸಂದು, ಬಾಗಿಲ ಹೊಸ್ತಿಲ ಪಕ್ಕ ಬಿಡಬೇಡಿ. ಮುಗಿದ ಮೇಲೆ ಕವರನ್ನು ಒಳಹೊರಗು ಮಾಡಿದರೆ ಪಿನ್ನೆಲ್ಲ ಅದರೊಳಗೇ ಉಳಿದು ಅಯಸ್ಕಾಂತ ಬರಿದಾಗಿ ಕೈಗೆ ಬರುತ್ತದೆ. ಸ್ಟೇನ್‌ಲೆಸ್ ಪಿನ್ನುಗಳು ಇದಕ್ಕೆ ಸರಿಯಾಗಿ ಅಂಟುವುದಿಲ್ಲ. ಅವಿದ್ದರೆ ರಾತ್ರಿ ದೀಪ ಆರಿಸಿ ಟಾರ್ಚನ್ನು ನೆಲಕ್ಕೆ ಮಲಗಿಸಿ ಹಿಡಿಯಿರಿ, ಹೊಳೆಯುತ್ತವೆ.