ಟೋಟಲ್ ಇಆರ್‌ಕೆ ಬರುತ್ತೆ, ಫಾಸ್ಫೋ ಇಆರ್‌ಕೆ ಕಾಣಲ್ಲ: ಪ್ರತಿಕ್ರಿಯೆ

ವೆಸ್ಟರ್ನ್ ಬ್ಲಾಟಿನಲ್ಲಿ (ಆಂಟಿಬಾಡಿ ಬಳಸಿ ಪ್ರೋಟೀನ್ ಗುರುತಿಸುವ ವಿಧಾನ) ಇಆರ್‌ಕೆ ಎಂಬ ಸಿಗ್ನಲ್ ಪ್ರೋಟೀನ್ ಒಟ್ಟಾರೆ ಕಾಣುತ್ತೆ, ಫಾಸ್ಫೇಟ್ ಅಂಟಿದ ಅದರ ಸಕ್ರಿಯ ರೂಪ ಮಾತ್ರ ಕಾಣಲ್ಲ ಅಂತ ಕೇಳಿದ್ದೀರಿ. ಬಹುಶಃ ಇದು ಆಂಟಿಬಾಡಿಯ ತಪ್ಪಲ್ಲ, ಫಾಸ್ಫೇಟ್ ಕಳಚುವ ಫಾಸ್ಫಟೇಸ್ ಕಿಣ್ವಗಳ ಕೆಲಸ. ಕಲಬುರಗಿಯ ಏಪ್ರಿಲ್ ಬಿಸಿಲಲ್ಲಿ, ಎಸಿ ಇಲ್ಲದ ಲ್ಯಾಬಲ್ಲಿ ಲೈಸೇಟ್ (ಕೋಶ ಒಡೆದು ತೆಗೆದ ದ್ರಾವಣ) ಮಾಡ್ತಿದ್ದೀನಿ, ಪ್ರೋಟಿಯೇಸ್ ಇನ್‌ಹಿಬಿಟರ್ ಮಾತ್ರ ಹಾಕ್ತೀನಿ ಅಂದಿದ್ದೀರಿ. ಅದು ಪ್ರೋಟೀನ್ ತುಂಡಾಗದಂತೆ ನೋಡಿಕೊಳ್ಳುತ್ತದೆ, ಅಷ್ಟೇ. ಕೋಶ ಒಡೆದ ಕೂಡಲೇ ಫಾಸ್ಫೇಟ್ ಕಳಚುವುದನ್ನು ತಡೆಯುವುದಿಲ್ಲ. ಸೆಕೆ ಜಾಸ್ತಿಯಾದಷ್ಟೂ ಅದು ಬೇಗ ಕಳಚುತ್ತದೆ.

ಮೊದಲು ಕೋಶ ಒಡೆಯುವ ಬಫರ್ ಸರಿಮಾಡಿ. ಬಳಸುವ ಹೊತ್ತಿಗೇ ಅದಕ್ಕೆ ಫಾಸ್ಫಟೇಸ್ ತಡೆಯುವ 1 ಮಿಲಿಮೋಲಾರ್ ಸೋಡಿಯಂ ಆರ್ಥೋವನಡೇಟ್, 10 ಮಿಲಿಮೋಲಾರ್ ಸೋಡಿಯಂ ಫ್ಲೋರೈಡ್ ಸೇರಿಸಿ. ವನಡೇಟನ್ನು ಪಿಎಚ್ 10ಕ್ಕೆ ತಂದು, ಬಣ್ಣ ಹೋಗುವವರೆಗೆ ಕುದಿಸಿ ಸಿದ್ಧಮಾಡಿಟ್ಟಿರಬೇಕು. ಇದನ್ನು ಬಿಡಬೇಡಿ, ಬಿಟ್ಟರೆ ಅದು ಸರಿಯಾಗಿ ಕೆಲಸ ಮಾಡಲ್ಲ. ಬಫರಿನಲ್ಲಿ ಇಡಿಟಿಎ (ಲೋಹದ ಅಯಾನು ಹಿಡಿದಿಡುವ ರಾಸಾಯನಿಕ) ಇದ್ದರೆ ವನಡೇಟಿನ ಬಲ ಕುಗ್ಗುತ್ತದೆ, ಅದನ್ನೂ ನೋಡಿಕೊಳ್ಳಿ.

ಆಮೇಲೆ ಪ್ಲೇಟು, ಪಿಬಿಎಸ್ (ಕೋಶ ತೊಳೆಯುವ ಉಪ್ಪಿನ ದ್ರಾವಣ), ಟ್ಯೂಬು ಎಲ್ಲವನ್ನೂ ಐಸ್ ಮೇಲಿಡಿ. ಕರೆಂಟ್ ಹೋಗುವ ಹೊತ್ತು ಗೊತ್ತಿದ್ದರೆ ಬೆಳಗಿನ ತಂಪಲ್ಲೇ ಮುಗಿಸಿಬಿಡಿ. ಲೈಸೇಟನ್ನು ಕೂಡಲೇ ಸ್ಯಾಂಪಲ್ ಬಫರಿಗೆ ಹಾಕಿ ಕುದಿಸಿದರೆ ಅರ್ಧ ಚಿಂತೆ ಕಳೀತು. ಬ್ಲಾಕಿಂಗಿಗೆ (ಆಂಟಿಬಾಡಿ ಎಲ್ಲೆಂದರಲ್ಲಿ ಅಂಟದಂತೆ ಬ್ಲಾಟಿನ ಖಾಲಿ ಜಾಗ ಮುಚ್ಚಲು) ಹಾಲಿನ ಪುಡಿ ಬದಲು 5% ಬಿಎಸ್‌ಎ (ದನದ ಸೀರಂ ಆಲ್ಬುಮಿನ್) ಬಳಸಿ. ಹಾಲಿನ ಕೇಸೀನಲ್ಲೇ ಫಾಸ್ಫೇಟ್ ಇರುತ್ತದೆ ಅಲ್ವಾ, ಫಾಸ್ಫೋ ಆಂಟಿಬಾಡಿ ಅದಕ್ಕೂ ಅಂಟಬಹುದು.

ನಿಮ್ಮ ಕೋಶಗಳಲ್ಲಿ ಸಿಗ್ನಲ್ಲೇ ಎದ್ದಿಲ್ಲದಿರಲೂಬಹುದು, ಬ್ಲಾಟ್ ನೋಡದೆ ಖಚಿತವಾಗಿ ಹೇಳಲಾಗದು. ಅದಕ್ಕೆ ಹೋಲಿಕೆಗಾಗಿ ಒಂದು ಪ್ಲೇಟನ್ನು ರಾತ್ರಿಯಿಡೀ ಸೀರಂ ಇಲ್ಲದೆ ಇಟ್ಟು, ಇಆರ್‌ಕೆ ಸಿಗ್ನಲ್ ಎಬ್ಬಿಸುವ ಬೆಳವಣಿಗೆ ಪ್ರೋಟೀನ್ ಇಜಿಎಫ್ ಅನ್ನು 100 ನ್ಯಾನೋಗ್ರಾಂ/ಮಿಲೀ ಪ್ರಮಾಣದಲ್ಲಿ 5 ನಿಮಿಷ ಕೊಟ್ಟು ಜೊತೆಗೇ ಓಡಿಸಿ. ಇಜಿಎಫ್ ರಿಸೆಪ್ಟರ್ ಇರುವ ಹೀಲಾದಂಥ (ಲ್ಯಾಬಲ್ಲಿ ಬೆಳೆಸುವ ಮಾನವ ಕ್ಯಾನ್ಸರ್ ಕೋಶ) ಕೋಶ ತಗೊಳ್ಳಿ. ಅದರಲ್ಲಿ ಬ್ಯಾಂಡ್ ಬಂದು ನಿಮ್ಮದರಲ್ಲಿ ಬರದಿದ್ದರೆ, ನಿಮ್ಮ ಕೋಶಗಳಿಗೆ ಔಷಧ ಕೊಡುತ್ತಿದ್ದರೆ ಅದರ ಸಮಯ ಬದಲಿಸಿ ನೋಡಿ.