ಪಿಜಿ ಸೇರಿದರೆ ಸಂಗೀತದ ಪಾಠ ಬಿಡಬೇಕೇ?

ಪ್ರಶ್ನೆ: ಎಂಬಿಬಿಎಸ್ ಮುಗಿಸಿ ಹೌಸ್ ಸರ್ಜನ್ಸಿಯಲ್ಲಿ (ಕಡ್ಡಾಯ ಆಸ್ಪತ್ರೆ ತರಬೇತಿಯಲ್ಲಿ) ಇದ್ದೇನೆ. ಚಿಕ್ಕಂದಿನಿಂದ ಹಾಡುಗಾರಿಕೆ ಕಲಿಯುತ್ತಿದ್ದು, ಸಂಗೀತದ ಉನ್ನತ ಹಂತದ ವಿದ್ವತ್ ಪರೀಕ್ಷೆ ಕಟ್ಟುವ ಆಸೆಯಿದೆ. ಪಿಜಿಗೆ (ಸ್ನಾತಕೋತ್ತರ ಪದವಿಗೆ) ಜನರಲ್ ಮೆಡಿಸಿನ್ ಇಷ್ಟ. ಸೀನಿಯರ್‌ಗಳು ಮಾತ್ರ, ‘ಮೂರು ವರ್ಷ ಶ್ರುತಿಪೆಟ್ಟಿಗೆ ಅಟ್ಟಕ್ಕೆ ಹಾಕು’ ಎನ್ನುತ್ತಾರೆ. ನಿಜವೇ?
– ಓದುಗರು, ಹಾಸನ

ಉತ್ತರ: ಮೊದಲ ವರ್ಷದ ಮಟ್ಟಿಗೆ ಹೆಚ್ಚೂಕಡಿಮೆ ನಿಜ. ಕೇಸ್ ಶೀಟ್ ಬರೆಯುವುದು, ರಕ್ತ ತೆಗೆದು ಲ್ಯಾಬಿಗೆ ಕಳಿಸುವುದು, ರಿಪೋರ್ಟಿಗೆ ಓಡಾಡುವುದು ಎಲ್ಲ ಫಸ್ಟ್ ಇಯರ್ ಪಿಜಿಯ ತಲೆಗೇ ಬರುತ್ತದೆ. ಥೀಸಿಸ್‌ನ ಸಿನಾಪ್ಸಿಸ್ (ರೂಪರೇಖೆ) ಬೇರೆ. ಆ ವರ್ಷ ವಿದ್ವತ್ ಪರೀಕ್ಷೆ ಕಟ್ಟಬೇಡಿ. ಪಾಠವನ್ನು ಮಾತ್ರ ಬಿಡಬೇಡಿ.

ಬಹುತೇಕ ಮೆಡಿಕಲ್ ಕಾಲೇಜುಗಳಲ್ಲಿ ಪ್ರತಿ ಯೂನಿಟ್‌ಗೆ (ವೈದ್ಯರ ತಂಡಕ್ಕೆ) ಹೊಸ ರೋಗಿಗಳನ್ನು ಸೇರಿಸಿಕೊಳ್ಳುವ ಅಡ್ಮಿಷನ್ ದಿನ ನಿಗದಿಯಾಗಿರುತ್ತದೆ. ನಿಮ್ಮದು ಮಂಗಳವಾರ ಎಂದಿಟ್ಟುಕೊಳ್ಳಿ. ಅಂದು ರಾತ್ರಿ ನಿದ್ದೆಯಿಲ್ಲ, ಬುಧವಾರ ರೌಂಡ್ಸ್ ಮುಗಿಯುವ ಹೊತ್ತು ಹೇಳಲಾಗದು. ಗುರುಗಳ ಬಳಿ ಗುರುವಾರ ಅಥವಾ ಶುಕ್ರವಾರ ಸಂಜೆಯನ್ನು ಕೇಳಿಕೊಳ್ಳಿ. ‘ಬಿಡುವಾದಾಗ ಬರುತ್ತೇನೆ’ ಎಂದ ಪಿಜಿಗಳ ಪಾಠ ಸಾಮಾನ್ಯವಾಗಿ ಎರಡೇ ತಿಂಗಳಲ್ಲಿ ನಿಂತುಹೋಗುತ್ತದೆ. ಡ್ಯೂಟಿ ಬದಲಿಸಿಕೊಂಡರೆ ರೋಸ್ಟರಿನಲ್ಲಿ (ಡ್ಯೂಟಿ ಪಟ್ಟಿಯಲ್ಲಿ) ಬರೆಸಿ; ಬಾಯಿಮಾತಿನ ಅದಲುಬದಲಿನಲ್ಲಿ ಇಬ್ಬರೂ ಗೈರಾಗಿ ಸಿಕ್ಕಿಬೀಳುವುದುಂಟು.

ರಾಷ್ಟ್ರೀಯ ವೈದ್ಯಕೀಯ ಆಯೋಗದ 2023ರ ನಿಯಮದಲ್ಲಿ ವಾರಕ್ಕೊಂದು ರಜೆ, ವರ್ಷಕ್ಕೆ ಕನಿಷ್ಠ 20 ಸಾಂದರ್ಭಿಕ ರಜೆ ಇದೆ. ಆದರೆ ‘ಕೆಲಸದ ತುರ್ತಿಗೆ ಒಳಪಟ್ಟು’ ಎಂಬ ಬಾಲವೂ ಇದೆ! ಸಂಗೀತ ಕಛೇರಿಗೋ ಪರೀಕ್ಷೆಗೋ ಬೇಕಾದ ರಜೆಯನ್ನು ರೋಸ್ಟರ್ ಹಾಕುವ ಮೊದಲೇ ಲಿಖಿತವಾಗಿ ಕೇಳಿ.

ಹಾಡುವವರಿಗೆ ಇನ್ನೊಂದು ತೊಂದರೆ ಗಂಟಲಿನದು. ರಾತ್ರಿ ಎರಡಕ್ಕೆ ಕ್ಯಾಂಟೀನಿನ ಪರೋಟ ತಿಂದು ಕೂಡಲೇ ಮಲಗಿದರೆ ಹೊಟ್ಟೆಯ ಆಮ್ಲ ಗಂಟಲಿಗೇರಿ ಬೆಳಗ್ಗೆ ದನಿ ಒಡೆಯುತ್ತದೆ. ಊಟ ಎಂಟರೊಳಗೆ ಮುಗಿಸಿ, ಆಮೇಲೆ ಹಸಿವಾದರೆ ಬಾಳೆಹಣ್ಣು ಸಾಕು. ಡ್ಯೂಟಿಯ ಮಾರನೆಯ ದಿನ ಮೊದಲು ನಿದ್ದೆ, ಆಮೇಲೆ ಇಪ್ಪತ್ತು ನಿಮಿಷ ಮಧ್ಯಸ್ಥಾಯಿಯ ಸರಳೆ (ಸ್ವರಾಭ್ಯಾಸ). ಎತ್ತರದ ತಾರಸ್ಥಾಯಿಯ ಉಸಾಬರಿ ಅಂದು ಬೇಡ. ನಿದ್ದೆಗೆಟ್ಟು ಬೈಕ್ ಹತ್ತಿ ಪಾಠಕ್ಕಂತೂ ಹೋಗಲೇಬೇಡಿ.

ಸಂಗೀತಕ್ಕಾಗಿ ಬ್ರಾಂಚ್ ಬದಲಿಸಿ ಎಂದು ನಾವು ಹೇಳುವುದಿಲ್ಲ. ಪೆಥಾಲಜಿ, ಚರ್ಮರೋಗದಲ್ಲಿ ರಾತ್ರಿಗಳು ಹಗುರ. ಹೆರಿಗೆ ವಿಭಾಗದಲ್ಲಿ ಕನ್ಸಲ್ಟೆಂಟ್ ಆದಮೇಲೂ ಹಗುರವಾಗುವುದಿಲ್ಲ. ಮೆಡಿಸಿನ್ ಇವುಗಳ ನಡುವೆ. ಎಂಡಿ (ಮೆಡಿಸಿನ್‌ನ ಪಿಜಿ ಪದವಿ) ಆದಮೇಲೆ ಡಿಎಂ (ಸೂಪರ್ ಸ್ಪೆಷಾಲಿಟಿ ಪದವಿ) ಬೇಕೆಂದರೆ ಮತ್ತೆ ಮೂರು ವರ್ಷ ಇದೇ ಓಟ. ಹಾಗಾಗಿ ಎಂಡಿಯ ಎರಡನೆಯ ವರ್ಷವೇ ವಿದ್ವತ್‌ಗೆ ಸರಿಯಾದ ಕಾಲ; ಮೂರನೆಯದರಲ್ಲಿ ಥೀಸಿಸ್ ಮತ್ತು ಅಂತಿಮ ಪರೀಕ್ಷೆ ಕಾದಿರುತ್ತವೆ.

ಪಿಜಿ ಸೀಟು ಹಂಚುವ ಕೌನ್ಸೆಲಿಂಗ್‌ನಲ್ಲಿ ಕಾಲೇಜಿನ ಹೆಸರಿಗಷ್ಟೇ ಮರುಳಾಗದೆ ಅಲ್ಲಿನ ಫಸ್ಟ್ ಇಯರ್ ಪಿಜಿಗಳನ್ನೇ ವಿಚಾರಿಸಿ: ಯೂನಿಟ್ ಎಷ್ಟು, ಪ್ರತಿ ಯೂನಿಟ್‌ಗೆ ಪಿಜಿ ಎಷ್ಟು, ರಾತ್ರಿ ರಕ್ತ ತೆಗೆಯಲು ಟೆಕ್ನಿಷಿಯನ್ ಇರುತ್ತಾರೆಯೇ?