7 ವರ್ಷದ ಮಗನಿಗೆ ರಾತ್ರಿ ಹಾಸಿಗೆಯಲ್ಲಿ ಉಚ್ಚೆ ಆಗೋ ವಿಷಯ ತಿಳಿಸೋಕೆ ಪುಸ್ತಕ ಒಳ್ಳೆಯದೋ ವಿಡಿಯೊ ಒಳ್ಳೆಯದೋ? 10 ವರ್ಷದ ಅಕ್ಕ ಬೇರೆ ಛೇಡಿಸ್ತಾಳೆ

ಎರಡೂ ಆಮೇಲೆ. ಮೊದಲು ಒಂದು ಬಲೂನು ತನ್ನಿ. ಈ ವಯಸ್ಸಿನ ಮೂತ್ರಚೀಲ ಹಿಡಿಯೋದು ಸುಮಾರು 240 ಮಿ.ಲೀ. (ವಯಸ್ಸಿಗೆ ಒಂದು ಕೂಡಿಸಿ 30ರಿಂದ ಗುಣಿಸಿ). ಹೆಚ್ಚುಕಮ್ಮಿ ಅಷ್ಟೇ ನೀರು ತುಂಬಿಸಿ, ಬಚ್ಚಲಲ್ಲಿ ಅವನ ಕೈಯಲ್ಲೇ ಬಲೂನಿನ ಬಾಯಿ ಒತ್ತಿ ಹಿಡಿಸಿ. ಬೆರಳು ಸಡಿಲಿಸಿದರೆ ಚಿಮ್ಮುತ್ತೆ. ಆ ಬೆರಳಿನ ಕೆಲಸ ಮಾಡೋ ಸ್ನಾಯು ಹೊಟ್ಟೆಯ ಕೆಳಗಿದೆ ಅಂತ ಆಗ ಹೇಳಿ.

ರಾತ್ರಿಯ ಲೆಕ್ಕಕ್ಕೆ ಶಿವಮೊಗ್ಗ ಹತ್ತಿರದ ಗಾಜನೂರು ಡ್ಯಾಂ ಚಿತ್ರ ಬರೆಸಿ. ಮೇಲಿಂದ ಬರುವ ತುಂಗೆ ಮೂತ್ರಪಿಂಡ, ಡ್ಯಾಂ ಮೂತ್ರಚೀಲ, ಗೇಟ್ ಕಾಯುವವನು ಮೆದುಳು. ರಾತ್ರಿ ವಾಸೊಪ್ರೆಸಿನ್ ಅನ್ನೋ ಹಾರ್ಮೋನು ಒಳಹರಿವು ತಗ್ಗಿಸುತ್ತೆ. ಕೆಲವು ಮಕ್ಕಳಲ್ಲಿ ಅದು ಇನ್ನೂ ಸಾಲದು, ಜೊತೆಗೆ ಡ್ಯಾಂ ತುಂಬಿದೆ ಅಂತ ಸುದ್ದಿ ಬಂದರೂ ಕಾವಲುಗಾರನಿಗೆ ಎಚ್ಚರ ಆಗಲ್ಲ. "ಹಾಗಾದ್ರೆ ತಪ್ಪು ನಂದಾ?" ಅಂತ ಕೇಳೇ ಕೇಳ್ತಾನೆ. ಕಾವಲುಗಾರ ಹೊಸಬ, ಕೆಲಸ ಕಲೀತಿದ್ದಾನೆ ಅನ್ನಿ.

ಜಾಸ್ತಿ ಕೆಡೋದು ಮಕ್ಕಳಿಗೆ ಸ್ಟಾರ್ ಅಂಟಿಸೋ ಚಾರ್ಟಿನಲ್ಲಿ. ಒದ್ದೆಯಾಗದ ರಾತ್ರಿಗೆ ಸ್ಟಾರ್ ಅಂಟಿಸಬೇಡಿ, ನಿದ್ದೆಯಲ್ಲಿ ಆಗೋದು ಅವನ ಕೈಲಿಲ್ಲ. ಕೈಲಿರೋದಕ್ಕೆ ಅಂಟಿಸಿ: ದಿನದ ನೀರಿನಲ್ಲಿ ಹೆಚ್ಚುಪಾಲು ಸಂಜೆ 5ರ ಒಳಗೆ ಕುಡಿದದ್ದು, ಮಲಗೋ ಮುಂಚೆ ಒಂದಕ್ಕೆ ಹೋದದ್ದು. ಸಂಜೆ ಕಾಫಿ, ಟೀ ಬೇಡ. ಎರಡಕ್ಕೆ ಸಲೀಸಾಗಿ ಹೋದನಾ ಅನ್ನೋದಕ್ಕೂ ಒಂದು ಕಾಲಂ ಇರಲಿ; ಮಲಬದ್ಧತೆ ಇದ್ದರೆ ತುಂಬಿದ ಕರುಳು ಚೀಲವನ್ನ ಒತ್ತುತ್ತೆ, ಮಿಕ್ಕದ್ದೇನು ಮಾಡಿದರೂ ಅಷ್ಟಕ್ಕಷ್ಟೆ.

ಅಕ್ಕನಿಗೆ ಅರ್ಧ ಪುಟ ಬರೆದು ಕೊಡಿ, ಅವಳು ಓದುವ ವಯಸ್ಸಿನವಳು. ಏಳರ ವಯಸ್ಸಲ್ಲಿ ನೂರಕ್ಕೆ ಐದರಿಂದ ಹತ್ತು ಮಕ್ಕಳಿಗೆ ಇದು ಇರುತ್ತೆ, ವಂಶದಲ್ಲೂ ಬರುತ್ತೆ. ನಿಮಗೋ ನಿಮ್ಮ ಯಜಮಾನರಿಗೋ ಚಿಕ್ಕಂದಿನಲ್ಲಿ ಇದ್ದಿದ್ದರೆ ಅದನ್ನೂ ಬರೆಯಿರಿ, ಅವಳ ಬಾಯಿ ಮುಚ್ಚಿಸೋಕೆ ಅದೊಂದೇ ಸಾಕು. ವಿಡಿಯೊ ಹತ್ತು ದಾಟಿದವರಿಗೆ, ಅದೂ ಒಬ್ಬರೇ ಕೂತು ನೋಡೋಕೆ. ನೆಂಟರ ಎದುರು ಏನನ್ನೂ ತೋರಿಸಬೇಡಿ.

ನಮ್ಮ ಕಡೆ ಮಳೆಗಾಲದಲ್ಲಿ ಹಾಸಿಗೆ ಒಣಗೋ ಮಾತೇ ಇಲ್ಲ. ರಬ್ಬರ್ ಶೀಟು, ಮೇಲೆ ಮಡಿಸಿದ ಹಳೇ ಹತ್ತಿ ಸೀರೆ ಹಾಸಿ. ಸೀರೆಯಾದರೆ ಬಚ್ಚಲೊಲೆ ಮೇಲೆ ಬೇಗ ಆರುತ್ತೆ.

ಆರು ತಿಂಗಳು ಸರಿಯಿದ್ದು ಮತ್ತೆ ಶುರುವಾದರೆ, ಹಗಲೂ ಚಡ್ಡಿ ಒದ್ದೆಯಾದರೆ, ಒಂದಕ್ಕೆ ಹೋಗುವಾಗ ಉರಿ ಇದ್ದರೆ ಮಕ್ಕಳ ಡಾಕ್ಟರಿಗೆ ತೋರಿಸಿ. ವಿಪರೀತ ಬಾಯಾರಿಕೆ, ತೂಕ ಇಳಿಕೆ ಕಂಡರೆ ಅವತ್ತೇ ಹೋಗಿ, ಸಕ್ಕರೆ ಪರೀಕ್ಷೆ ಆಗಬೇಕು.